ಅವಿಭಕ್ತ ಸಂಖ್ಯೆ

ಪ್ರೂಫ್ ನೋಡುತ್ತಿದ್ದಂತೆ ಗಣಿತದ ಟೀಚರಿಗೆ ಮೈಯೆಲ್ಲ ಉರಿದುಹೋಯಿತು. ಮಕ್ಕಳಿಗೆಂದು ಆಕೆ ಬರೆದ ಪುಸ್ತಕದಲ್ಲಿ ‘ಅವಿಭಾಜ್ಯ ಸಂಖ್ಯೆ’ ಎಂದಿದ್ದ ಕಡೆಯಲ್ಲೆಲ್ಲ ‘ಅವಿಭಕ್ತ ಸಂಖ್ಯೆ’ ಎಂದು ಬಂದಿತ್ತು. ಟೈಪ್ ಮಾಡಿದವನು ಬೇರೆ ಯಾರೂ ಅಲ್ಲ, ಸ್ವಂತ ಅಣ್ಣ. ಬೈಯೋಣವೆಂದರೆ ಪುಕ್ಕಟೆ ಕೆಲಸ, ಬಿಡೋಣವೆಂದರೆ ಹೋಗುವುದು ತನ್ನ ಮಾನ.

ಪ್ರೆಸ್ಸು ಅಣ್ಣ ತಮ್ಮ ಇಬ್ಬರದು. ಮುಂದಿನ ಕೋಣೆಯಲ್ಲಿ ಅಣ್ಣನ ಕಂಪ್ಯೂಟರ್, ಹಿಂದಿನ ಕೋಣೆಯಲ್ಲಿ ತಮ್ಮನ ಮುದ್ರಣಯಂತ್ರ. ಇಬ್ಬರಿಗೂ ಮಾತು ಬಿಟ್ಟು ಎಷ್ಟೋ ಕಾಲವಾಗಿತ್ತು. ಏನು ಹೇಳುವುದಿದ್ದರೂ ನಡುವಿನವಳಾದ ಟೀಚರೇ ದಾಟಿಸಬೇಕು. ನಾಳೆ ಪಾಲು. ಅವನು ಕಂಪ್ಯೂಟರ್ ಎತ್ತಿಕೊಂಡು, ಇವನು ಯಂತ್ರ ಬಿಚ್ಚಿಕೊಂಡು ಹೊರಟರೆ ಅಪ್ಪ ಕಟ್ಟಿದ ಪ್ರೆಸ್ಸೂ ಇಲ್ಲ, ತನ್ನ ಪುಸ್ತಕವೂ ಇಲ್ಲ.

“ಏನಣ್ಣಾ ಇದು ಅವಾಂತರ?”

“ಅದಾ? ವಕೀಲರ ಪಾಲುಪತ್ರ ಟೈಪ್ ಮಾಡಿ ಮಾಡಿ ಕೈಗೆ ‘ಅವಿಭಕ್ತ ಕುಟುಂಬ’ ಕೂತುಬಿಟ್ಟಿದೆ. ನೀನೇ ತಪ್ಪು ಬರೆದಿದೀಯ ಅಂದ್ಕೊಂಡು ತಿದ್ದಿದೆ. ಎರಡೂ ಒಂದೇ ಅಲ್ವೇನೇ?”

“ಒಂದೇನಾ!” ಟೀಚರ್ ಹಣೆ ಚಚ್ಚಿಕೊಂಡಳು. “ಈ 2147483647 ನೋಡು. ಎರಡರಿಂದ ಭಾಗಿಸು, ಮೂರರಿಂದ ಭಾಗಿಸು, ಸಾವಿರದಿಂದ ಭಾಗಿಸು, ಏನಾದ್ರೂ ಉಳಿದೇ ಉಳಿಯುತ್ತೆ. ಒಂದು, ಬಿಟ್ರೆ ಅದೇ ಸಂಖ್ಯೆ. ಇನ್ಯಾವುದಕ್ಕೂ ಬಗ್ಗಲ್ಲ.”

“ಇಷ್ಟುದ್ದ ಇದೆ, ಬೇರೆ ಯಾವುದಕ್ಕೂ ಬಗ್ಗಲ್ವಾ?”

“ಉದ್ದ ಕಟ್ಕೊಂಡು ಏನು ಮಾಡ್ತೀಯಾ? ಇದಕ್ಕೆ ಒಂದೇ ಒಂದು ಕೂಡಿಸು, ಅರ್ಧ, ಅದರರ್ಧ ಅಂತ ಕೊನೆಗೆ ಒಂದು ಉಳಿಯೋವರೆಗೂ ಕತ್ತರಿಸ್ತಾ ಹೋಗಬಹುದು. ಅವಿಭಕ್ತ ಅಂದ್ರೆ ಇನ್ನೂ ಪಾಲಾಗಿಲ್ಲ, ನಾಳೆ ಆಗಬಹುದು, ನಿಮ್ಮ ಹಾಗೆ. ಅವಿಭಾಜ್ಯ ಅಂದ್ರೆ ಪಾಲು ಮಾಡೋಕೇ ಬರಲ್ಲ. ತಿದ್ದು ಮೊದಲು!”

ಅಣ್ಣ ಗೊಣಗುತ್ತ ಒಂದೇ ಏಟಿಗೆ ಪದ ಬದಲಿಸಿ, ಎಲ್ಲವನ್ನೂ ಪ್ರಿಂಟಿಗೆ ಕೊಟ್ಟ. ಆ ಏಟು ತೆರೆದಿಟ್ಟಿದ್ದ ಎಲ್ಲ ಫೈಲಿಗೂ ಬಿತ್ತೆಂಬುದು ಅವನ ಗಮನಕ್ಕೆ ಬರಲಿಲ್ಲ. ಪುಸ್ತಕದ ಹಾಳೆಗಳೂ, ನಾಳೆ ಸಹಿ ಹಾಕಬೇಕಿದ್ದ ಅವರದೇ ಪಾಲುಪತ್ರವೂ ಹಿಂದಿನ ಕೋಣೆಯ ಪ್ರಿಂಟರಿನಿಂದ ಒಟ್ಟಿಗೆ ಹೊರಬಿದ್ದವು.

ಸ್ವಲ್ಪ ಹೊತ್ತಿಗೆ ಪಾಲುಪತ್ರ ಹಿಡಿದು ತಮ್ಮ ಬಾಗಿಲಲ್ಲಿ ನಿಂತ. ಕೈಯೆಲ್ಲ ಮಸಿ.

“ಅಕ್ಕಾ, ಇದೇನು ಅಂತ ಕೇಳು ಅವನನ್ನ. ‘ನಮ್ಮದು ಅವಿಭಾಜ್ಯ ಕುಟುಂಬವಾಗಿದ್ದು’ ಅಂತಿದೆ. ನೀನು ಕೂಗಾಡಿದ್ದು ನನಗೂ ಕೇಳಿಸ್ತು. ಪಾಲು ಮಾಡೋಕೇ ಬರಲ್ಲ ಅಂತಾಯ್ತಲ್ಲ.”

ಅಣ್ಣ ನಾಲಿಗೆ ಕಚ್ಚಿಕೊಂಡ. “ಹಾಳಾದ್ದು, ಅದೂ ಬದಲಾಗಿದೆ. ತಿದ್ದಿ ಕೊಡಬೇಕಾ ಕೇಳೇ ಅವನನ್ನ.”

ಎದುರೆದುರೇ ನಿಂತಿದ್ದಾರೆ, ಆದರೂ ತಾನೇ ದಾಟಿಸಬೇಕಂತೆ! ಟೀಚರಿಗೆ ಸಾಕುಸಾಕಾಗಿತ್ತು. “ತಿದ್ದಿ ಕೊಡಬೇಕಾ ಅಂತ...” ಎಂದು ಆಕೆ ತಿರುಗುವಷ್ಟರಲ್ಲಿ ತಮ್ಮ ಬಾಯಿಬಿಟ್ಟ.

“ಬೇಡ ಬಿಡಣ್ಣ. ಹಾಗೇ ಇರಲಿ.”

ಅಣ್ಣ ಕನ್ನಡಕ ತೆಗೆದು, ಒರೆಸಿದ್ದನ್ನೇ ಒರೆಸುತ್ತ ಕುಳಿತ.

“ಈಗಲಾದ್ರೂ ನನ್ನ ಪುಸ್ತಕ ಅಚ್ಚು ಹಾಕ್ತೀರೋ ಇಲ್ವೋ?” ಎಂದು ಟೀಚರ್ ರೇಗಲು ಹೋದಳು. ಆದರೆ ರೇಗುವ ಬದಲು ನಕ್ಕುಬಿಟ್ಟಳು.