ಹಗುರಯ್ಯನ ಗೋಡೆ

"ಎತ್ತಿ ಸಾರ್, ತಲೆ ಕಡೆ ಇನ್ನೂ ಎತ್ತಿ!" ಎಂದು ಶವದ ಗಾಡಿಯ ಡ್ರೈವರ್ ಬೀದಿಬಾಗಿಲಿನಿಂದ ಕೂಗಿದ.

ಮಗ ಎತ್ತಿದ. ಸ್ಟ್ರೆಚರಿನ ಕಬ್ಬಿಣದ ಹಿಡಿ ಎಡಗೋಡೆಯ ಚಿತ್ರವೊಂದಕ್ಕೆ ಬಡಿದು ಗಾಜು ಝಲ್ಲೆಂದಿತು. ಹಿಂದಕ್ಕೆ ಎಳೆದರೆ ಬಲಗೋಡೆಯ ಚಿತ್ರದ ಮೂಲೆ, ಕಾಲ ಕಡೆ ಹಿಡಿದಿದ್ದ ಮಹಡಿ ಮನೆಯ ಟೈಲರನ ಮೊಣಕೈಯನ್ನು ತರಚಿತು. ಬಿಳಿ ಹೊದಿಕೆಯೊಳಗೆ ದೇಹ ಒಂದು ಪಕ್ಕಕ್ಕೆ ಜಾರಿ, ಬಲಗೈ ಹೊರಗೆ ಬಿತ್ತು.

ಸೊಸೆ ಓಡಿಬಂದು ಆ ಕೈಯನ್ನು ಒಳಗೆ ತೂರಿಸಿದಳು. ಅವಳು ಅಂದುಕೊಂಡದ್ದಕ್ಕಿಂತ ಭಾರವಾಗಿತ್ತು.

"ಇದೇನು ಮನೇನಾ, ಎಗ್ಜಿಬಿಷನ್ನಾ?" ಎಂದ ಡ್ರೈವರ್. "ಚಿತ್ರಗಳನ್ನ ಇಳಿಸಿ ಸಾರ್. ಇಲ್ಲಾಂದ್ರೆ ಸಂಜೆ ತನಕ ನಾವೂ ಇಲ್ಲೇ, ಅವರೂ ಇಲ್ಲೇ."

ಪ್ಯಾಸೇಜಿನ ಎರಡೂ ಗೋಡೆಗಳ ತುಂಬ ಚಿತ್ರಗಳಿದ್ದವು. ಎಲ್ಲಕ್ಕೂ ಅಂಗೈ ಅಗಲದ, ಗೋಡೆಯಿಂದ ಮುಂದಕ್ಕೆ ಚಾಚಿಕೊಂಡ ಮರದ ಕಟ್ಟು. ಕೊಳದ ಮೇಲೆ ತಾವರೆ, ನದಿಯ ದಡದ ಪೋಪ್ಲರ್ ಮರಗಳು, ಮಂಜಿನಲ್ಲಿ ಕರಗುತ್ತಿರುವ ಸೇತುವೆ, ಕೆಂಪು ಹೂವಿನ ಹೊಲ. ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಬಯಲಲ್ಲಿ ನಿಂತು ಬೆಳಕನ್ನು ಬರೆದ ಇಂಪ್ರೆಷನಿಸ್ಟರ ಚಿತ್ರಗಳು, ಅವುಗಳ ಲಿಮಿಟೆಡ್ ಎಡಿಷನ್ ಪ್ರತಿಗಳು. ಒಂದು ಮಾತ್ರ ನೆಲದಿಂದ ಮೊಣಕಾಲೆತ್ತರದಲ್ಲಿ ನೇತಾಡುತ್ತಿತ್ತು. ಸಾವಿಗೆ ಬಂದವರು ಬೆಳಗಿನಿಂದ ಅದನ್ನು ನೋಡಿ, "ಇದನ್ನ ಯಾರಿಗೆ ಅಂತ ಹಾಕಿದಾರೆ, ಬೆಕ್ಕಿಗಾ?" ಎಂದು ಪಿಸುಗುಟ್ಟಿಕೊಂಡಿದ್ದರು.

"ಚಿತ್ರ ಮುಟ್ಟಬೇಡಿ."

ಒಳಕೋಣೆಯ ಬಾಗಿಲಲ್ಲಿ ಅತ್ತೆ ನಿಂತಿದ್ದಳು. ಬೆಳಗಿನಿಂದ ಅವಳು ಆಡಿದ ಮೊದಲ ಮಾತು ಅದು.

"ಮತ್ತೆ ಅಪ್ಪನ್ನ ಕಿಟಕಿಯಿಂದ ಇಳಿಸೋಣವೇನಮ್ಮ?" ಎಂದಳು ಮಗಳು.

"ಇಳಿಸಿ."

"ಕಿಟಕಿಗೆ ಕಂಬಿ ಇದೆ."

"ಕೊಯ್ಸಿ."

ಯಾರೋ ನಕ್ಕು, ಆ ನಗುವನ್ನು ಕೆಮ್ಮು ಮಾಡಿದರು. ಸ್ಟ್ರೆಚರ್ ಹಿಡಿದ ಮಗನ ಕತ್ತಿನ ನರ ಉಬ್ಬುತ್ತಿದ್ದುದನ್ನು ಸೊಸೆ ನೋಡಿದಳು. ಮದುವೆಯಾದ ಈ ಒಂದು ವರ್ಷದಲ್ಲಿ ಗಂಡನ ಆ ನರದ ಪರಿಚಯ ಅವಳಿಗೆ ಚೆನ್ನಾಗಿ ಆಗಿತ್ತು. ಅದು ಉಬ್ಬಿದಾಗ ತಟ್ಟೆ ಒಡೆಯುತ್ತಿತ್ತು, ಒಮ್ಮೆ ಫೋನು ಒಡೆದಿತ್ತು. ಅವಳ ಮೇಲೆ ಕೈ ಎತ್ತಿರಲಿಲ್ಲ. "ನಾನು ಅಪ್ಪನ ಥರ ಅಲ್ಲ" ಎಂದು ಒಂದೆರಡು ಸಲ ತಾನಾಗಿಯೇ ಹೇಳಿದ್ದ. ಅಪ್ಪ ಯಾವ ಥರ ಎಂದು ಅವಳು ಕೇಳಿರಲಿಲ್ಲ. ಇವತ್ತು ಬೆಳಿಗ್ಗೆ ಹೆಣದ ಪಕ್ಕದಲ್ಲೇ ಕೂತು, "ಇನ್ನು ನಾವು ಈ ಮನೆಗೇ ಬಂದ್ಬಿಡೋಣ. ಆ ಒಂದು ಕೋಣೇಲಿ ಎಷ್ಟು ದಿನ ಇರ್ತೀಯ?" ಎಂದಿದ್ದ. ಅತ್ತೆಯೂ ತಲೆಯಾಡಿಸಿದ್ದಳು. ಸಂಜೆ ಹೇಳುತ್ತೇನೆ ಎಂದಿದ್ದಳು ಸೊಸೆ.

"ತೆಗೀತೀಯೋ ಇಲ್ಲವೋ?" ಎಂದು ಮಗ ಅಕ್ಕನ ಕಡೆ ಗದರಿದ. "ಕೈ ಸೋತು ಹೋಗ್ತಿದೆ."

ಅಕ್ಕ ಪೋಪ್ಲರ್ ಮರಗಳ ಚಿತ್ರವನ್ನು ಎರಡೂ ಕೈಯಲ್ಲಿ ಹಿಡಿದು ಮೊಳೆಯಿಂದ ಬಿಡಿಸಿದಳು.

ಅದರ ಹಿಂದೆ ಗೋಡೆ ಬಾಯಿ ತೆರೆದುಕೊಂಡಿತ್ತು. ಗಾರೆ ಉದುರಿ, ಒಳಗಿನ ಇಟ್ಟಿಗೆ ಕಾಣುತ್ತಿತ್ತು. ಒಂದು ಮುಷ್ಟಿ ಹಿಡಿಸುವಷ್ಟು ಗುಂಡಿ.

ಅವಳು ಸೇತುವೆಯನ್ನು ಇಳಿಸಿದಳು. ಇನ್ನೊಂದು ಗುಂಡಿ. ಕೆಂಪು ಹೂವಿನ ಹೊಲದ ಹಿಂದೆ ಗೋಡೆಯನ್ನು ಯಾವುದೋ ಉದ್ದನೆಯ ಮರದ ಪಟ್ಟಿಯಿಂದ ಬಾರಿಸಿದ ಅಡ್ಡಗೀರು. ತಾವರೆಯ ಹಿಂದೆ ಎರಡು, ಒಂದರ ಪಕ್ಕ ಒಂದು. ಅವಳು ನಿಲ್ಲಲಿಲ್ಲ. ಒಂದೊಂದನ್ನೂ ಕಿತ್ತು ಸೊಸೆಯ ಕೈಗೆ ಕೊಡುತ್ತ ಹೋದಳು. ಗೋಡೆ ಸಿಡುಬು ಎದ್ದ ಮುಖದಂತೆ ಹೊರಗೆ ಬಂತು. ಪ್ಯಾಸೇಜಿನಲ್ಲಿ ಸುಣ್ಣದ ಪುಡಿ ಮಾತ್ರ ಸದ್ದು ಮಾಡುತ್ತ ಉದುರುತ್ತಿತ್ತು.

"ಗೋಡೆಗೆ ಗೆದ್ದಲು ಹಿಡಿದಿತ್ತೇನಮ್ಮ?" ಎಂದು ಟೈಲರ್ ಕೇಳಿದ. ಮಹಡಿಯಲ್ಲಿ ಇಷ್ಟು ವರ್ಷ ಇದ್ದವನು. ಕೆಳಗಿನ ಸದ್ದು ಅವನಿಗೆ ಕೇಳಿಸದೆ ಇರಲಿಲ್ಲ.

"ಹೂಂ," ಎಂದಳು ಮಗಳು. "ಎರಡು ಕಾಲಿನ ಗೆದ್ದಲು. ಈಗ ನೀವು ಎತ್ಕೊಂಡಿದೀರಲ್ಲ, ಅದೇ."

ಅತ್ತೆ ಕೋಣೆಯ ಬಾಗಿಲು ಹಾಕಿಕೊಂಡಳು. ಸ್ಟ್ರೆಚರ್ ಸಲೀಸಾಗಿ ಹೊರಗೆ ಹೋಯಿತು.

*

ಸತ್ತವನು ಚಿತ್ರಗಳಿಗೆ ಕಟ್ಟು ಹಾಕುವವನಾಗಿದ್ದ. ವರ್ಕ್‌ಶಾಪಿನಲ್ಲಿ ಅವನನ್ನು ಎಲ್ಲರೂ ಹಗುರಯ್ಯ ಎನ್ನುತ್ತಿದ್ದರು, ಕೈ ಅಷ್ಟು ಹಗುರ. ಹತ್ತಿಯ ಬಿಳಿ ಕೈಗವಸು ಹಾಕಿಕೊಂಡು ಮುದ್ರಣದ ಹಾಳೆಯನ್ನು ಎರಡು ಮೂಲೆಗಳಲ್ಲಿ ಎತ್ತಿದರೆ, ಮಲಗಿದ ಮಗುವನ್ನು ಎತ್ತಿದ ಹಾಗಿರುತ್ತಿತ್ತು. ಗಾಜು ಕೊಯ್ಯುವಾಗ ಅವನು ಉಸಿರು ಹಿಡಿಯುತ್ತಿದ್ದ. ಕೈಯಲ್ಲಿ ಗಾಜು ಒಡೆದದ್ದನ್ನು ಯಾರೂ ಕಂಡಿರಲಿಲ್ಲ.

ಲಿಮಿಟೆಡ್ ಎಡಿಷನ್ ಎಂದರೆ ಇಷ್ಟೇ ಪ್ರತಿ, ಇನ್ನು ಇಲ್ಲ ಎಂದು ಕೊಳ್ಳುವವರಿಗೆ ಕೊಟ್ಟ ಮಾತು. ಪ್ರತಿಯೊಂದು ಹಾಳೆಯ ಕೆಳಮೂಲೆಯಲ್ಲಿ ಪೆನ್ಸಿಲಿನಲ್ಲಿ ಅದರ ಸಂಖ್ಯೆ. ಮೂಲೆ ಮಡಚಿದರೆ, ಬಣ್ಣ ಸರಿದರೆ, ಆ ಸಂಖ್ಯೆಯನ್ನು ಹೊಸ ಹಾಳೆಗೆ ಬರೆದು ಕೆಟ್ಟದ್ದನ್ನು ಹರಿದು ಹಾಕಬೇಕು. ಹರಿಯುವ ಕೆಲಸ ಹಗುರಯ್ಯನದು. ಅದೊಂದೇ ಕೆಲಸ ಅವನಿಂದ ಆಗುತ್ತಿರಲಿಲ್ಲ. ಬೆರಳುಗಳು ಕಾಗದವನ್ನು ಹಿಡಿಯುತ್ತಿದ್ದವು, ಎಳೆಯುತ್ತಿರಲಿಲ್ಲ. ಕೆಟ್ಟ ಹಾಳೆಗಳನ್ನು ಸುರುಳಿ ಸುತ್ತಿ ಬೆಂಚಿನ ಕೆಳಗೆ ಇಡುತ್ತಿದ್ದ.

ಮದುವೆಯಾದ ಹೊಸತರಲ್ಲಿ ಒಂದು ಸಂಜೆ ಹೆಂಡತಿ ಮೆಟ್ಟಿಲ ಮೇಲೆ ನಿಂತು ಪಕ್ಕದ ಮನೆಯವಳ ಜೊತೆ ನಗುತ್ತಿದ್ದಳು. ಅವನು ಕೆಲಸದಿಂದ ಬಂದ. ದಿನವಿಡೀ ಉಸಿರು ಹಿಡಿದ ಮೈ. ಯಾರನ್ನು ನೋಡಿ ನಗುತ್ತಿದ್ದೀಯ ಎಂದು ಕೇಳಿದ. ಬಾಗಿಲು ಹಾಕಿದ ಮೇಲೆ ಮುಷ್ಟಿ ಬೀಸಿದ. ಅವಳು ಬಗ್ಗಿದಳು. ಗಾರೆ ಅವಳ ಕೂದಲ ಮೇಲೆ ಉದುರಿತು. ಎರಡನೆಯ ಸಲ ಅವಳು ಬಗ್ಗುವಷ್ಟು ಹೊತ್ತು ಸಿಗಲಿಲ್ಲ.

ಮರುದಿನ ಅವಳ ತಾಯಿ ಬರುವವಳಿದ್ದಳು. ತುಟಿ ಬಾತಿದ್ದಕ್ಕೆ ಹಲ್ಲುನೋವು ಎಂದರಾಯಿತು. ಗೋಡೆಗೆ ಏನು ಹೇಳುವುದು?

"ನಿಮ್ಮ ಅಂಗಡಿಯಿಂದ ಏನಾದ್ರೂ ತಂದು ಇಲ್ಲಿ ಹಾಕಿ," ಎಂದಳು.

ಅವನು ತಂದ. ಕೈಗವಸು ಹಾಕಿಕೊಂಡು, ಅಳತೆಪಟ್ಟಿ ಹಿಡಿದು, ಒಂದು ಕೂದಲಷ್ಟೂ ಓರೆಯಾಗದ ಹಾಗೆ ಕಟ್ಟು ಹಾಕಿ ತಂದ. ಮೊಳೆ ಹೊಡೆದದ್ದು ಅವಳು. ತಾಯಿ ಬಂದು ಚಿತ್ರದ ಮುಂದೆ ನಿಂತು, "ಎಂಥ ರಸಿಕ ಗಂಡ ಸಿಕ್ಕಿದಾನೆ ನಿನಗೆ!" ಎಂದಳು. ಹೌದಮ್ಮ ಎಂದಳು ಅವಳು, ಹಲ್ಲುನೋವಿನ ದನಿಯಲ್ಲಿ.

ಆಮೇಲೆ ಅದೇ ರೂಢಿಯಾಯಿತು. ಗುಂಡಿಯ ಅಳತೆ ಅವಳು ಗೇಣಿನಲ್ಲಿ ಹೇಳುತ್ತಿದ್ದಳು, ಅವನು ಆ ಅಳತೆಗೆ ಕಟ್ಟು ಹಾಕುತ್ತಿದ್ದ. ಕ್ಷಮಿಸು ಎಂಬ ಪದ ಆ ಮನೆಯಲ್ಲಿ ಬಳಕೆಗೆ ಬರಲಿಲ್ಲ.

*

ಸ್ಮಶಾನದಲ್ಲಿ ಎಲ್ಲ ಮುಗಿಸಿ ಬಂದವರು ಹಿತ್ತಿಲ ನಲ್ಲಿಯಲ್ಲಿ ಕೈಕಾಲು ತೊಳೆಯುತ್ತಿದ್ದರು. ಸೊಸೆ ನಾದಿನಿಯ ಪಕ್ಕ ನಿಂತು ಮಾತಾಡಿದಳು. ನಾದಿನಿ ತಿರುಗಲಿಲ್ಲ. ಆಮೇಲೆ ಸೊಸೆಗೆ ನೆನಪಾಗಿ ಅವಳ ಬಲಗಡೆಗೆ ಬಂದಳು. ನಾದಿನಿಗೆ ಎಡಗಿವಿ ಕೇಳಿಸುತ್ತಿರಲಿಲ್ಲ.

"ಅತ್ತಿಗೆ, ಆ ಕೆಳಗಿದ್ದ ಚಿತ್ರ..."

"ಹುಲ್ಲಿನ ಬಣವೆದಾ? ಅದು ನನ್ನ ಎತ್ತರ. ಆಗ ನಾನು ಅಷ್ಟೇ ಇದ್ದೆ."

ನೀರು ಸುರಿಯುತ್ತಲೇ ಇತ್ತು. ಸೊಸೆ ನಲ್ಲಿ ನಿಲ್ಲಿಸಿದಳು.

"ಅಷ್ಟೊಂದು ಸಲ ಹೊಡೆದ್ರಾ?"

"ಎಷ್ಟೊಂದು?" ನಾದಿನಿ ಸೆರಗಿನಿಂದ ಮುಖ ಒರೆಸಿಕೊಂಡಳು. "ಗೋಡೆ ಮೇಲೆ ಇರೋದೆಲ್ಲ ತಪ್ಪಿದ ಏಟು ಕಣೇ. ತಗುಲಿದ್ದಕ್ಕೆಲ್ಲ ಚಿತ್ರ ಹಾಕಕ್ಕಾಗುತ್ತಾ?" ಕಿವಿಯ ಮೇಲಿನ ಕೂದಲನ್ನು ಸರಿಮಾಡಿಕೊಂಡಳು. "ನನ್ನ ತಮ್ಮ ಏನಾದ್ರೂ ನಿನ್ನ ಮೇಲೆ...?"

"ಇಲ್ಲ."

"ಇಲ್ಲ ಅಂದ್ರೆ ಇಲ್ಲಾಂತಾನಾ, ಇನ್ನೂ ಇಲ್ಲಾಂತಾನಾ?"

ಅಷ್ಟರಲ್ಲಿ ಒಳಗೆ ಯಾರೋ ದನಿ ಏರಿಸಿದರು.

ಮುಂದಿನ ಕೋಣೆಯಲ್ಲಿ ಇಳಿಸಿದ ಚಿತ್ರಗಳನ್ನು ಗೋಡೆಗೆ ಒರಗಿಸಿಟ್ಟಿದ್ದರು. ವರ್ಕ್‌ಶಾಪಿನ ಮಾಲೀಕ ಅವುಗಳ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ. ದೊಡ್ಡ ಹೂಗುಚ್ಛ ತಂದು, ಕಣ್ಣೊರೆಸಿಕೊಂಡು, "ಅಂಥ ಮೃದು ಮನುಷ್ಯನ್ನ ನಾನು ಜನ್ಮದಲ್ಲಿ ನೋಡಿಲ್ಲ" ಎಂದು ಎಲ್ಲರಿಗೂ ಹೇಳಿದ್ದವನು ಈಗ ಕನ್ನಡಕ ಹಣೆಗೇರಿಸಿ ಹಾಳೆಗಳ ಮೂಲೆ ನೋಡುತ್ತಿದ್ದ.

"ಇದು ನಲವತ್ತೊಂದು," ಎಂದ. "ನಲವತ್ತೊಂದು ನನ್ನ ಗಿರಾಕಿ ಮನೆ ಗೋಡೇಲಿದೆ. ಮತ್ತೆ ಇದೇನು? ಇವೆಲ್ಲ ಹರಿದು ಹಾಕಬೇಕಾದವು. ಹರಿದಿದೀನಿ ಅಂತ ನನ್ನ ಮುಖ ನೋಡಿ ಹೇಳ್ತಿದ್ರಲ್ಲಮ್ಮ!"

"ಅವರಿಗೆ ಕಾಗದ ಹರಿಯೋಕೆ ಮನಸ್ಸು ಬರ್ತಿರ್ಲಿಲ್ಲ," ಎಂದಳು ಅತ್ತೆ. ಅವಳು ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದಳು. "ಪಾಪ ಅನ್ನೋರು."

"ಗಿರಾಕಿಗೆ ಗೊತ್ತಾದ್ರೆ ನನ್ನ ಮುಖಕ್ಕೆ ಉಗೀತಾನೆ. ಇವನ್ನ ನಾನು ತಗೊಂಡು ಹೋಗ್ತೀನಿ. ಹೇಳಬಾರದು, ಆದ್ರೆ ಇದು ಒಂಥರಾ ಕಳ್ಳ..."

ಮಾತು ಅಲ್ಲೇ ನಿಂತಿತು. ಮಗ ಒಳಗೆ ಬಂದಿದ್ದ.

"ಯಾರನ್ನ ಕಳ್ಳ ಅಂತೀರಿ?"

"ಹಾಗಲ್ಲ ಕಣಪ್ಪ, ನಾನು..."

"ಸುಟ್ಟ ಬೂದಿ ಇನ್ನೂ ಆರಿಲ್ಲ. ನಮ್ಮಪ್ಪನ ಮನೇಲಿ ನಿಂತು ನಮ್ಮಪ್ಪನ್ನ ಕಳ್ಳ ಅಂತೀಯೇನೋ?"

ಹೂಗುಚ್ಛ ಮಾಲೀಕನ ಎದೆಗೆ ಬಡಿದು ಚೂರಾಯಿತು. ಕುರ್ಚಿಯೊಂದು ಉರುಳಿತು. ಮಾಲೀಕ ಪ್ಯಾಸೇಜಿಗೆ ಓಡಿದ, ಮಗ ಅವನ ಕಾಲರನ್ನು ಹಿಂದಿನಿಂದ ಹಿಡಿದು ಬರಿಗೋಡೆಗೆ ತಲೆ ಅಪ್ಪಳಿಸಿದ. ಕನ್ನಡಕ ಕಾಲ ಕೆಳಗೆ ಪುಡಿಯಾಯಿತು. ಮಾಲೀಕನ ಮೂಗಿನಿಂದ ರಕ್ತ ಇಳಿದು ಅಂಗಿ ತೊಯ್ದಿತು. ಟೈಲರ್ ದೂರದಿಂದಲೇ "ಬಿಡಪ್ಪ, ಬಿಡಪ್ಪ" ಎನ್ನುತ್ತಿದ್ದ, ಇಷ್ಟು ವರ್ಷ ಮಹಡಿಯಿಂದ ಅಂದುಕೊಂಡಂತೆ.

ಸೊಸೆ ಇಬ್ಬರ ನಡುವೆ ನುಗ್ಗಿದಳು. "ರೀ, ಬಿಡ್ರಿ! ಸಾಯ್ತಾರೆ! ಕೈ ಬಿಡ್ರಿ!"

ಅವನು ಮಾಲೀಕನನ್ನು ಬಿಟ್ಟ. ಅವಳ ಕಡೆ ತಿರುಗಿದ. ಕತ್ತಿನ ನರ ಅವಳಿಗೆ ಕಾಣಿಸಿತು, ಆಮೇಲೆ ಮುಷ್ಟಿ. ಅವಳು ಬಗ್ಗಿದಳು. ಅದನ್ನು ಯಾರೂ ಅವಳಿಗೆ ಕಲಿಸಿರಲಿಲ್ಲ.

ಗೋಡೆ ಧಡ್ ಎಂದಿತು. ಸುಣ್ಣ, ಮಣ್ಣು, ಇಟ್ಟಿಗೆಯ ಕೆಂಪು ಪುಡಿ ಅವಳ ತಲೆಯ ಮೇಲೆ, ಬೆನ್ನ ಮೇಲೆ ಬಿತ್ತು.

ಮಾಲೀಕ ಗೋಡೆ ಹಿಡಿದುಕೊಂಡು, ಮೂಗು ಮುಚ್ಚಿಕೊಂಡು ಬೀದಿಗೆ ಇಳಿದ. ಅವನ ಹಿಂದೆ ಟೈಲರ್. ಅವರ ಹಿಂದೆ ಉಳಿದವರು, ಚಪ್ಪಲಿಯನ್ನು ಕೈಯಲ್ಲೇ ಹಿಡಿದು.

ಗಂಡ ಗುಂಡಿಯಿಂದ ಕೈ ಎಳೆದುಕೊಂಡ. ಗೆಣ್ಣುಗಳ ಚರ್ಮ ಸುಲಿದಿತ್ತು. ಅವಳನ್ನು ಮೇಲಿನಿಂದ ಕೆಳಗೆ ನೋಡಿದ. ಅವನ ಮುಖದಲ್ಲಿ ನಿಜವಾದ ಆತಂಕವಿತ್ತು.

"ನಿನಗೆ ತಗುಲಲಿಲ್ವಲ್ಲ?" ಎಂದ.

ಅವಳು ಬಗ್ಗಿದ್ದಲ್ಲಿಂದ ನೆಟ್ಟಗಾಗಿ ಗುಂಡಿಯನ್ನು ನೋಡಿದಳು.

"ತಗುಲಲಿಲ್ಲ ತಾನೇ? ನೋಡು, ನಾನು ಬೇಕಂತ ಗೋಡೆಗೇ ಹೊಡೆದಿದ್ದು."

"ನಮ್ಮಪ್ಪನೂ ಹಾಗೇ ಅಂತಿದ್ದ," ಎಂದಳು ಅಕ್ಕ, ಪ್ಯಾಸೇಜಿನ ತುದಿಯಿಂದ.

"ನೀನು ಬಾಯಿ ಮುಚ್ಚೇ!" ಎಂದು ಅವನು ಅವಳ ಕೇಳದ ಕಿವಿಯ ಕಡೆಯಿಂದ ಕಿರುಚಿ, ಹಿತ್ತಿಲಿಗೆ ಹೋಗಿ ನಲ್ಲಿ ತಿರುಗಿಸಿದ. ನೀರು ಬಕೆಟ್ಟಿಗೆ ಬೀಳುವ ಸದ್ದು ಕೇಳಿಸಿತು.

ಅತ್ತೆ ಎದ್ದಳು. ಉರುಳಿದ ಕುರ್ಚಿಯನ್ನು ಎತ್ತಿ ನಿಲ್ಲಿಸಿದಳು. ಹೂಗಳನ್ನು ಕಾಲಿನಿಂದ ಒಂದು ಮೂಲೆಗೆ ಸರಿಸಿದಳು. ಪ್ಯಾಸೇಜಿಗೆ ಬಂದು ಹೊಸ ಗುಂಡಿಯ ಮುಂದೆ ನಿಂತು, ಹೆಬ್ಬೆರಳು ಕಿರುಬೆರಳು ಚಾಚಿ ಅಡ್ಡಕ್ಕೆ ಒಂದು ಗೇಣು, ಉದ್ದಕ್ಕೆ ಒಂದು ಗೇಣು ಅಳೆದಳು. ಅವಳ ಮುಖದಲ್ಲಿ ಬೆಳಗಿನಿಂದ ಇಲ್ಲದಿದ್ದ ಒಂದು ನಿರಾಳ ಬಂದಿತ್ತು, ಬಹಳ ಹೊತ್ತು ಕೆಲಸವಿಲ್ಲದೆ ಕೂತವರಿಗೆ ಕೆಲಸ ಸಿಕ್ಕಂತೆ.

ಒರಗಿಸಿಟ್ಟ ಚಿತ್ರಗಳಲ್ಲಿ ಎರಡು ಮೂರನ್ನು ಹಿಡಿದು ನೋಡಿ ಬದಿಗಿಟ್ಟಳು. ಕೊನೆಗೆ ಒಂದನ್ನು ತೆಗೆದು, ಗಾಜಿನ ಮೇಲಿನ ಪುಡಿಯನ್ನು ಸೆರಗಿನಿಂದ ಒರೆಸಿದಳು. ಹಿಮ ಬಿದ್ದ ಒಂದು ದಾರಿ. ಎರಡು ಬದಿ ಬೋಳುಮರ, ದೂರದಲ್ಲಿ ಬೆನ್ನು ಹಾಕಿ ನಡೆಯುತ್ತಿರುವ ಒಬ್ಬ ಹೆಂಗಸು; ಎರಡೇ ಎರಡು ಕುಂಚದ ಗೀರು.

"ಇದು ಸರಿಹೋಗುತ್ತೆ," ಎಂದಳು. "ನಾಳೆ ಮಾತಾಡಿಸೋಕೆ ಮತ್ತೆ ಜನ ಬರ್ತಾರೆ. ಹೇಗೂ ಇಲ್ಲಿಗೇ ಬರ್ತೀರಲ್ಲ, ಇದು ನಿಂದೇ ಅಂತ ಇಟ್ಕೊ. ಎಲ್ಲದರಲ್ಲೂ ಚೆನ್ನಾಗಿರೋದು ಇದೇ. ಹಿಡ್ಕೊಮ್ಮ, ನಾನು ಮೊಳೆ ತರ್ತೀನಿ."

ಎರಡೂ ಕೈಯಲ್ಲಿ ಚಿತ್ರವನ್ನು ಸೊಸೆಯ ಮುಂದೆ ಚಾಚಿದಳು.

ಸೊಸೆ ತಲೆಗೂದಲಿನ ಸುಣ್ಣವನ್ನು ಕೊಡವಿಕೊಳ್ಳಲಿಲ್ಲ. ಕೈಗಳನ್ನು ಮುಂದೆ ತರಲೂ ಇಲ್ಲ.

"ಬೇಡ ಅತ್ತೆ," ಎಂದಳು. "ನಾನು ಹಿಡಿಯಲ್ಲ."