ಕೃಷ್ಣನ ಪಾತ್ರಕ್ಕೆ ಜೀಪಿನ ಡ್ರೈವರು

ಉಪನಿರ್ದೇಶಕ ವರದರಾಜರು ಅರ್ಜುನನ ಪಾತ್ರವನ್ನು ತಮಗೆ ತಾವೇ ಮಂಜೂರು ಮಾಡಿಕೊಂಡಾಗ ಕಚೇರಿಯಲ್ಲಿ ಯಾರೂ ಚಕಾರವೆತ್ತಲಿಲ್ಲ. ಅದು ೧೯೯೮ರ ರಾಜ್ಯೋತ್ಸವದ ನಾಟಕ. ಚಾಮರಾಜಪೇಟೆಯ ಆ ಸರ್ಕಾರಿ ಕಚೇರಿಯಲ್ಲಿ ಗಾಂಡೀವ ಹಿಡಿಯುವ ಅರ್ಹತೆಯೂ ಸೀನಿಯಾರಿಟಿ ಪ್ರಕಾರವೇ ಬರಬೇಕಲ್ಲ! ವಯಸ್ಸು ಐವತ್ತಮೂರು, ಕವಚದ ಗುಂಡಿ ಹೊಟ್ಟೆಯ ಮೇಲೆ ಕೂಡುತ್ತಿರಲಿಲ್ಲ, ಅಷ್ಟೇ.

ನಾಟಕ ಬರೆದವರು ಗುಮಾಸ್ತೆ ರುದ್ರಾಣಿ. ಕೃಷ್ಣ ಯಾರು ಅಂತ ಅವರು ಕೇಳಿದರು.

"ಕೃಷ್ಣ ಅಂದ್ರೆ ಏನ್ರೀ, ರಥ ಓಡ್ಸೋನು ತಾನೆ? ನಮ್ಮ ಮಲ್ಲಿಕಾರ್ಜುನಯ್ಯನೇ ಸಾಕು. ಹೆಂಗೂ ಜೀಪ್ ಓಡಿಸ್ತಾನೆ."

"ಸಾರ್, ಕೃಷ್ಣಂಗೆ ಮಾತು ಸ್ವಲ್ಪ ಜಾಸ್ತಿ ಇದೆ."

"ಇರ್ಲಿ ಬಿಡ್ರೀ, ಪಾಪ."

ಶ್ರೀರಾಂಪುರದ ಮಲ್ಲಿಕಾರ್ಜುನಯ್ಯ ಹನ್ನೊಂದು ವರ್ಷದಿಂದ ಸಾಹೇಬರ ಜೀಪು ಓಡಿಸುತ್ತಿದ್ದ. ಅಷ್ಟು ವರ್ಷಗಳಲ್ಲಿ ಅವನು ಆಡಿದ ಮಾತು 'ಸರಿ ಸಾರ್' ಒಂದೇ. ಈಗಲೂ ಅದನ್ನೇ ಅಂದ.

ಮೊದಲ ರಿಹರ್ಸಲ್ಲಿನಲ್ಲೇ ವರದರಾಜರಿಗೆ ತಮಗಾದ ಅನ್ಯಾಯ ಗೊತ್ತಾಯಿತು. ಅರ್ಜುನ ಎರಡನೇ ಪುಟದಲ್ಲಿ ಬಿಲ್ಲು ಕೆಳಗಿಟ್ಟು ಕೂರುತ್ತಾನೆ. ಆಮೇಲೆಲ್ಲ ಕೃಷ್ಣನದೇ ಕಾರುಬಾರು.

"ನಾನು ಎಷ್ಟ್ ಹೊತ್ತು ಹಿಂಗೇ ಕೂತಿರ್ಬೇಕ್ರೀ?"

"ಹನ್ನೆರಡು ಪುಟ ಸಾರ್. ಕೊನೇಲಿ ಕೃಷ್ಣನ ಕಾಲಿಗೆ ಬೀಳ್ತೀರಿ."

ಡ್ರೈವರ್ ಕಾಲಿಗೆ! ಮರುದಿನವೇ ಸ್ಕ್ರಿಪ್ಟಿನ ಅಂಚಿನಲ್ಲಿ ಹಸಿರು ಇಂಕಿನ ಆದೇಶ ಬಂತು: 'ಉಪದೇಶವನ್ನು ನಾಲ್ಕು ಪುಟಕ್ಕೆ ಇಳಿಸುವುದು. ನಮಸ್ಕಾರ ದೂರದಿಂದ ಮಾಡಿದರೆ ಸಾಕು.' ರುದ್ರಾಣಿ ಇಳಿಸಿದರು. ಮಲ್ಲಿಕಾರ್ಜುನಯ್ಯ 'ಸರಿ ಸಾರ್' ಅಂದ.

ನಾಟಕದ ಸಂಜೆ ಮೇಕಪ್ಪಿನವನು ಮಲ್ಲಿಕಾರ್ಜುನಯ್ಯನ ಹಣೆಯ ವಿಭೂತಿ ಒರೆಸಿ ನಾಮ ಎಳೆದ. "ಒಂದಿನ ತಾನೆ, ಶಿವ ಏನೂ ಅಂದ್ಕೊಳಲ್ಲ ಬಿಡಿ" ಅಂದು ಮಲ್ಲಿಕಾರ್ಜುನಯ್ಯ ನವಿಲುಗರಿ ಸಿಕ್ಕಿಸಿಕೊಂಡ.

ಪರದೆ ಎದ್ದಿತು. ಎರಡು ಗಂಟೆ ಮೀಟಿಂಗ್ ನಡೆಸಿದರೂ ನೀರು ಕೇಳದ ವರದರಾಜರು ಮುಂದೆ ನೋಡಿದರು. ಮೊದಲ ಸಾಲಿನಲ್ಲೇ ಸಂಸಾರಸಮೇತ ಇಲಾಖೆಯ ನಿರ್ದೇಶಕರು. ಹಿಂದೆ ಮುನ್ನೂರು ಜನ. ನಾಲಿಗೆ ಒಣಗಿತು. ಒಂದೇ ಒಂದು ಮಾತಾಡುವ ಮೊದಲೇ ಬಿಲ್ಲು ಕೈಯಿಂದ ಜಾರಿತು, ವೀರಪಾರ್ಥ ದೊಪ್ಪನೆ ಕುಸಿದು ಕೂತ. ಆಹಾ, ಎಂಥ ಅಭಿನಯ ಎಂದು ಜನ ಚಪ್ಪಾಳೆ ತಟ್ಟಿದರು.

ಮಲ್ಲಿಕಾರ್ಜುನಯ್ಯ ಲಗಾಮು ಕೆಳಗಿಟ್ಟು ಬಂದ. ಸಾಹೇಬರ ಹೆಗಲ ಮೇಲೆ ಕೈಯಿಟ್ಟು ನಾಲ್ಕು ಪುಟ ಉಪದೇಶ ಮುಗಿಸಿದ. ಅರ್ಜುನ ಏಳಲಿಲ್ಲ.

"ಸಾರ್, ಏಳಿ" ಎಂದು ಬಗ್ಗಿ ಪಿಸುಗುಟ್ಟಿದ.

"ಆಗ್ತಿಲ್ಲ ಕಣಯ್ಯಾ. ಕಾಲು ನಡುಗ್ತಿದೆ."

ಕೃಷ್ಣ ಮತ್ತೆ ಶುರು ಮಾಡಿದ. ಕತ್ತರಿಸಿಹಾಕಿದ್ದ ಎಂಟು ಪುಟಗಳೂ ಅವನಿಗೆ ಬಾಯಿಪಾಠವಾಗಿದ್ದವು, ಅವೂ ಖರ್ಚಾದವು. ಆಮೇಲೆ ಸ್ವಂತದ್ದು ಹೊರಟಿತು: "ಪಾರ್ಥಾ, ದಾರಿಯಲ್ಲಿ ಗುಂಡಿ ಸಿಕ್ಕಿತೆಂದು ಯಾರಾದರೂ ರಥವನ್ನು ಅಲ್ಲೇ ನಿಲ್ಲಿಸುತ್ತಾರೆಯೇ? ವೇಗ ತಗ್ಗಿಸು, ನಿಧಾನವಾಗಿ ದಾಟು!" ಸಭೆ ತಲೆದೂಗಿತು. ಅವನು ದನಿ ತಗ್ಗಿಸಿ, "ಎದುರಿಗೆ ನೋಡ್ಬೇಡಿ ಸಾರ್, ನನ್ನನ್ನೇ ನೋಡಿ. ನನ್ನ ಕಾಲು ಹಿಡ್ಕೊಂಡು ಎದ್ದೇಳಿ" ಅಂದ.

ವರದರಾಜರು ಹಿಡಿದರು. ಎರಡೂ ಕೈಯಿಂದ, ಮುಳುಗುವವರ ಹಾಗೆ. ಆ ಕಾಲು ಅಲುಗಾಡಲಿಲ್ಲ. ಮೊಣಕಾಲೂರಿ, ಕೃಷ್ಣನ ಪಂಚೆಯ ಅಂಚು ಜಗ್ಗಿ, ಅಂತೂ ಎದ್ದು ನಿಂತರು. ನಿರ್ದೇಶಕರ ಹೆಂಡತಿ ಕಣ್ಣೊರೆಸಿಕೊಂಡರು.

ಉತ್ತಮ ನಟ ಪ್ರಶಸ್ತಿ ವರದರಾಜರಿಗೇ ಬಂತೆಂದು ಬೇರೆ ಹೇಳಬೇಕಾಗಿಲ್ಲ. ನಿರ್ದೇಶಕರಿಂದ ಹಿಡಿದು ಶಾಮಿಯಾನದವರವರೆಗೆ ಎಲ್ಲರಿಗೂ ಮೈಕಿನಲ್ಲಿ ವಂದಿಸಿದರು. ಒಂದು ಹೆಸರು ಮಾತ್ರ ಸಮಯದ ಅಭಾವದಿಂದ ಬಿಟ್ಟುಹೋಯಿತು.

ಮರುದಿನ ಬೆಳಿಗ್ಗೆ ಜೀಪು ಬಸವನಗುಡಿಯ ಮನೆಯೆದುರು ನಿಂತಾಗ ವರದರಾಜರೇ ಗೇಟಿಗೆ ಬಂದರು.

"ಒಳಗ್ ಬನ್ನಿ, ಕಾಫಿ ಕುಡ್ಕೊಂಡು ಹೊರಡೋಣ."

ಆ 'ಬನ್ನಿ' ಕೇಳಿ ಮಲ್ಲಿಕಾರ್ಜುನಯ್ಯ ತನ್ನ ಹಿಂದೆ ಯಾರಾದರೂ ಇದ್ದಾರೇನೋ ಎಂದು ತಿರುಗಿ ನೋಡಿದ. ಸಾಹೇಬರ ಹೆಂಡತಿ ಚೂಡಾಮಣಿ ಎರಡು ಲೋಟ ಕಾಫಿ ತಂದಿಟ್ಟರು. ವರದರಾಜರು ಲೋಟ ಕೈಗೆತ್ತಿಕೊಂಡರು. ಹೇಳಬೇಕಾದ್ದು ನಾಲಿಗೆಯ ತುದಿಗೆ ಬಂತು, ಅಲ್ಲಿಂದ ವಾಪಸು ಹೋಯಿತು.

"ನಿನ್ನೆ ಉಪದೇಶ ಸ್ವಲ್ಪ ಉದ್ದ ಆಯ್ತು, ಅಲ್ವಾ?"

"ಹೌದು ಸಾರ್" ಎಂದು ಮಲ್ಲಿಕಾರ್ಜುನಯ್ಯ ಕಾಫಿ ಊದಿದ. "ನೀವು ಏಳ್ಲೇ ಇಲ್ವಲ್ಲ."

ಚೂಡಾಮಣಿ ಬಾಯಿಗೆ ಸೆರಗು ಒತ್ತಿಕೊಂಡು ಒಳಗೆ ಓಡಿದರು.