ಮುಟ್ಟುವ ಮೊದಲು ಕೇಳುವ ಕೈ

ಕಾಫಿ ಪಿಕಿಂಗ್ ಮುಗಿಯುವ ಹೊತ್ತಿಗೆ ನಮ್ಮ ಶನಿವಾರಸಂತೆ ಸುತ್ತಮುತ್ತ ಸೊಂಟ ನೆಟ್ಟಗಿರುವವರು ಯಾರಿದ್ದಾರೆ ಹೇಳಿ? ಕೊಂಬೆ ಬಗ್ಗಿಸಿ ಬಗ್ಗಿಸಿ ಹೆಗಲು ಬಿದ್ದುಹೋಗಿರುತ್ತದೆ. ಹಾಗೆ ನೊಂದವರೆಲ್ಲ ಬಂದು ಕೂರುತ್ತಿದ್ದುದು ಸುಲೋಚನಮ್ಮನ ಜಗಲಿಯ ಮೇಲೆ. ಆಕೆ ಎಣ್ಣೆ ಬೆಚ್ಚಗೆ ಮಾಡಿ ಹೆಗಲು ನೀವಿದರೆ, ಬರುವಾಗ ಮುಲುಗುತ್ತಿದ್ದವರು ಹೋಗುವಾಗ ಹರಟೆ ಹೊಡೆದುಕೊಂಡು ಹೋಗುತ್ತಿದ್ದರು. ತಾಯಿಯಿಂದ ಬಂದ ಕೈಗುಣ ಅದು.

ಆದರೆ ಚಿನ್ನಿಯ ಮೊಣಕೈ ನೋಡಿದ ದಿನ ಸುಲೋಚನಮ್ಮನಿಗೆ ತನ್ನ ಕೈಯ ಮೇಲೇ ಭಯ ಬಂತು.

ಚಿನ್ನಿ ಎಸ್ಟೇಟಿನ ಕೂಲಿ ಲೈನಿನ ಮನೆಯಲ್ಲಿರುವ ಹೆಂಗಸು. ಮೆಣಸು ಕೊಯ್ಯುವಾಗ ಏಣಿಯಿಂದ ಬಿದ್ದು ಬಲಗೈ ಮೂಳೆ ಮುರಿದಿತ್ತು. ಆಸ್ಪತ್ರೆಯಲ್ಲಿ ಹಾಕಿದ್ದ ಪಟ್ಟಿ ಬಿಚ್ಚಿದ ಮೇಲೆ ನೋಡಿದರೆ ಮೊಣಕೈ ಮಡಚಲೂ ಒಲ್ಲದು, ಚಾಚಲೂ ಒಲ್ಲದು. ತುತ್ತು ಬಾಯಿಗೆ ಹೋಗದು. ತುರುಬು ಕಟ್ಟಿಕೊಳ್ಳಲು ಪಕ್ಕದ ಮನೆಯವರನ್ನು ಕರೆಯಬೇಕು.

"ಒಂದ್ಸಲ ಜೋರಾಗಿ ಎಳೆದುಬಿಡಿ ಅಮ್ಮಾ. ಕೂಗ್ಕೊಂಡ್ರೂ ಬಿಡಬೇಡಿ" ಎಂದಳು ಚಿನ್ನಿ.

"ಹೆಗಲು ನೀವೋದು ನಂಗೆ ಗೊತ್ತು ಕಣೇ. ಒಳಗೆ ಮೂಳೆ ಹೆಂಗೆ ಕೂಡಿದ್ಯೋ ನಂಗೇನ್ ಗೊತ್ತು? ನಾನು ಎಳೆಯಲ್ಲ."

ಚಿನ್ನಿ ಮುಖ ಸಣ್ಣದು ಮಾಡಿಕೊಂಡು ಹೋದಳು. ಅಂದು ರಾತ್ರಿ ಸುಲೋಚನಮ್ಮ ಗಂಡನ ಮುಂದೆ ಹೇಳಿಯೇಬಿಟ್ಟಳು: "ನಾನು ಇದನ್ನ ಸರಿಯಾಗಿ ಕಲೀಬೇಕು ಕಣ್ರೀ."

ಗಂಡ ಮರುಳಸಿದ್ದಪ್ಪ ಒಳ್ಳೆಯ ಮನುಷ್ಯ, ಸ್ವಲ್ಪ ಅವಸರದವನು. ಮುಂದಿನ ಸಂತೆಯಿಂದ ಓಡೋಡಿ ಬಂದ. "ಲೇ, ನಿನ್ನ ಅದೃಷ್ಟ ನೋಡು! ಸಂತೆಗೆ ಒಬ್ಬ ಗುರು ಬಂದವ್ರೆ. ಜಪಾನ್ ದೇಶದ ವಿದ್ಯೆಯಂತೆ, ಷಿಯಾಟ್ಸು. ಎಣ್ಣೆ ಬೇಡ, ಬರೀ ಹೆಬ್ಬೆರಳಲ್ಲಿ ಒತ್ತೋದು. ಒಂದೇ ವಾರಕ್ಕೆ ಕಲಿಸಿ ಸರ್ಟಿಫಿಕೇಟು ಕೊಟ್ಟುಬಿಡ್ತಾರೆ!"

ಬೇಲಿಯಾಚೆ ನಿಂತಿದ್ದ ನೆರೆಮನೆಯ ಮಿಲಿಟ್ರಿ ಸಾಂತಪ್ಪ ಕಿವಿ ನಿಮಿರಿಸಿದ. ಎರಡನೇ ಮಹಾಯುದ್ಧ ಮುಗಿದ ಮೇಲೆ ಪಲ್ಟನ್ನಿನ ಜೊತೆ ಜಪಾನಿಗೆ ಹೋಗಿ ಬಂದವನು ಅವನು.

"ವಿದ್ಯೆ ಸುಳ್ಳಲ್ಲ ಮಾರಾಯ" ಎಂದ ಸಾಂತಪ್ಪ. "ಅಲ್ಲಿ ಒಬ್ಬ ಮುದುಕ ನನ್ನ ಬೆನ್ನು ಒತ್ತಿದ್ದ. ಸ್ವರ್ಗ! ಆದ್ರೆ ಒತ್ತೋಕೆ ಮುಂಚೆ ದುಭಾಷಿ ಕೈಲಿ ಏನೇನು ಕೇಳ್ಸಿದ ಗೊತ್ತಾ? ಗುಂಡು ಬಿದ್ದಿದ್ಯಾ, ಜ್ವರ ಇದ್ಯಾ, ನಿದ್ದೆ ಬರುತ್ತಾ. ನಂಗೆ ಹೆಣ್ಣು ನೋಡೋಕೆ ಬಂದವನ ಥರ ಕೇಳ್ದ! ವರ್ಷಗಟ್ಟಲೆ ಕಲ್ತಿದ್ನಂತೆ. ಇವನು ವಾರದಲ್ಲಿ ಕಲಿಸ್ತಾನಾ?"

"ನಿಂಗೆ ಎಲ್ಲದ್ರಲ್ಲೂ ಅನುಮಾನ ಸಾಂತಪ್ಪಣ್ಣ" ಎಂದು ಮರುಳಸಿದ್ದಪ್ಪ ಸಿಡುಕಿದ.

"ಜಗಳ ಯಾಕೆ? ಮುಂದಿನ ಸಂತೇಲಿ ನಾನೇ ಹೋಗಿ ಕೇಳ್ತೀನಿ" ಎಂದಳು ಸುಲೋಚನಮ್ಮ.

ಮುಂದಿನ ಸಂತೆಗೆ ಗಂಡ ಹೆಂಡತಿ ಹೋಗುವಷ್ಟರಲ್ಲಿ ಚಿನ್ನಿ ಗುರುವಿನ ಚಾಪೆಯ ಪಕ್ಕ ಆಗಲೇ ಕೂತಿದ್ದಳು. ಗುರು ಅಭಯಹಸ್ತ ತೋರಿಸಿದ್ದ: "ಒಂದೇ ಎಳೆತ, ಕೈ ನೆಟ್ಟಗೆ!"

ಸುಲೋಚನಮ್ಮ ಸರಕ್ಕನೆ ಮುಂದೆ ಹೋಗಿ ಕೇಳಿದಳು, "ಸ್ವಾಮಿ, ಒಂದು ಮಾತು. ಯಾವ್ಯಾವಾಗ ಮುಟ್ಟಬಾರದು, ಎಲ್ಲೆಲ್ಲಿ ಒತ್ತಬಾರದು, ಅದನ್ನೂ ಕಲಿಸ್ತೀರಾ?"

ಗುರು ಗಹಗಹಿಸಿ ನಕ್ಕ. "ತಾಯಿ, ನಮ್ಮ ವಿದ್ಯೆಯಲ್ಲಿ ಬಾರದು ಅನ್ನೋ ಮಾತೇ ಇಲ್ಲ!"

"ಕೇಳಿದ್ಯಾ?" ಎಂದು ಮರುಳಸಿದ್ದಪ್ಪ ಉಬ್ಬಿಹೋದ. "ಮೊದ್ಲು ನನಗೆ ಒತ್ತಿ ಗುರುಗಳೇ, ಇವಳಿಗೆ ನಂಬಿಕೆ ಬರ್ಲಿ" ಎಂದು ಅಂಗಿ ಸಮೇತ ಚಾಪೆಯ ಮೇಲೆ ಬೋರಲು ಮಲಗಿಯೇಬಿಟ್ಟ.

"ಏನ್ರೀ, ಬೆನ್ನಿನ ಕುರು..." ಎಂದು ಹೆಂಡತಿ ಬಾಯಿ ತೆಗೆದಳು.

"ಸುಮ್ನಿರೇ, ದೊಡ್ಡವರಿಗೆ ತಾನಾಗೇ ಗೊತ್ತಾಗುತ್ತೆ!"

ದೊಡ್ಡವರಿಗೆ ಗೊತ್ತಾಗಲಿಲ್ಲ. ಅಂಗಿ ಎತ್ತಿ ನೋಡಲಿಲ್ಲ, ಒಂದು ಮಾತು ಕೇಳಲಿಲ್ಲ. ಹೆಬ್ಬೆರಳು ಸರಿಯಾಗಿ ಕುರುವಿನ ನೆತ್ತಿಯ ಮೇಲೆ ಕೂತಿತು. ಮರುಳಸಿದ್ದಪ್ಪ ಕಿರುಚಿ ಹಾರಿದ ರಭಸಕ್ಕೆ ಪಕ್ಕದ ಕೋಳಿ ಬುಟ್ಟಿ ಉರುಳಿ, ಕೋಳಿಗಳೆಲ್ಲ ಸಂತೆ ತುಂಬ ಓಡಾಡಿದವು. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ಗಲಾಟೆಯಲ್ಲಿ ಸುಲೋಚನಮ್ಮ ಮಾತ್ರ ನಗಲಿಲ್ಲ. ಚಿನ್ನಿಯ ಎಡಗೈ ಹಿಡಿದು ಎಬ್ಬಿಸಿಕೊಂಡು ಬಂದಳು.

ದಾರಿಯಲ್ಲಿ ಚಿನ್ನಿ ಮೆಲ್ಲಗೆ ಅಂದಳು, "ಮುಂದಿನ ಸರದಿ ನಂದಾಗಿತ್ತಲ್ಲ ಅಮ್ಮಾ."

ಸಾಂತಪ್ಪನಿಗೆ ಮೈಸೂರಿನ ಒಂದು ಆಸ್ಪತ್ರೆಯ ಪರಿಚಯವಿತ್ತು. ಗಾಯಗೊಂಡ ಅವನ ಸಂಗಡಿಗನೊಬ್ಬ ಅಲ್ಲೇ ಮತ್ತೆ ನಡೆಯಲು ಕಲಿತಿದ್ದ. ಕೈಕಾಲು ನೀವುವ, ವ್ಯಾಯಾಮ ಮಾಡಿಸುವ ತರಬೇತಿಯನ್ನೂ ಅಲ್ಲಿ ಕೊಡುತ್ತಿದ್ದರು. ಸುಲೋಚನಮ್ಮ, ಮರುಳಸಿದ್ದಪ್ಪ, ಚಿನ್ನಿ ಮೂವರೂ ಬಸ್ಸು ಹತ್ತಿದರು.

ಪಾಠ ಹೇಳುವ ನರ್ಸಮ್ಮನಿಗೂ ಸುಲೋಚನಮ್ಮ ಅದೇ ಪ್ರಶ್ನೆ ಕೇಳಿದಳು. ನರ್ಸಮ್ಮ ಕುರ್ಚಿ ಎಳೆದು ಕೊಟ್ಟರು. "ಕೂತ್ಕೊಳ್ಳಿ, ಉತ್ತರ ಉದ್ದ ಇದೆ. ಜ್ವರ ಇದ್ರೆ, ಊದಿ ಬಿಸಿಯಾಗಿದ್ರೆ, ಕೀವು ತುಂಬಿದ್ರೆ ಒತ್ತಬಾರದು. ಮುರಿದ ಮೂಳೇನ ಡಾಕ್ಟರು ನೋಡದೆ ಮುಟ್ಟಬಾರದು. ಬಸುರಿ ಹೆಂಗಸ್ರು ಬಂದ್ರೆ ಮೊದ್ಲು ಡಾಕ್ಟರ ಮಾತು ಕೇಳಬೇಕು. ಶುರುವಿನ ತಿಂಗಳೆಲ್ಲ ಇದೇ ಪಾಠ. ಆಮೇಲೆ ನಮ್ಮ ಕಣ್ಣ ಮುಂದೆ ರೋಗಿಗಳ ಮೇಲೆ ಕೈ ಪಳಗಿಸ್ಬೇಕು. ಒಟ್ಟು ಒಂದು ವರ್ಷ."

ಡಾಕ್ಟರು ಚಿನ್ನಿಯ ಕೈ ನೋಡಿದರು. "ಯಾರೂ ಎಳೀಲಿಲ್ಲ ತಾನೇ? ಒಳ್ಳೇದಾಯ್ತು. ಎಳೆದಿದ್ರೆ ಇನ್ನೂ ಬಿಗಿದುಕೊಳ್ತಿತ್ತು. ನಿನ್ನ ಕೈನ ನೀನೇ, ದಿನಾ ಸ್ವಲ್ಪ ಸ್ವಲ್ಪ ಆಡಿಸ್ಬೇಕು" ಎಂದರು. ಹೇಗೆಂದು ನರ್ಸಮ್ಮ ತೋರಿಸಿಕೊಟ್ಟರು.

ಹಿಂದಿರುಗುವಾಗ ಮರುಳಸಿದ್ದಪ್ಪ ಬಸ್ಸಿನ ಸೀಟಿಗೆ ಬೆನ್ನು ತಾಗಿಸದೆ ಕೂತಿದ್ದ. "ಒಂದು ವರ್ಷ ಅಂದ್ರೆ... ಮನೇಲಿ ರೊಟ್ಟಿ ತಟ್ಟೋರು ಯಾರು?" ಎಂಬುದೊಂದೇ ಅವನಲ್ಲಿ ಉಳಿದಿದ್ದ ತಕರಾರು.

ವಿಷಯ ತಿಳಿದು ಸಾಂತಪ್ಪ ಬೇಲಿಯಾಚೆಯಿಂದಲೇ ಹೇಳಿದ, "ಪಲ್ಟನ್ನಿಗೇ ರೊಟ್ಟಿ ತಟ್ಟಿ ಹಾಕಿದೋನು ನಾನು. ಬಾ, ಕಲಿಸ್ತೀನಿ. ನನ್ನ ಕೋರ್ಸು ಮಾತ್ರ ಒಂದೇ ವಾರದ್ದು!"

ಸುಲೋಚನಮ್ಮ ಮೈಸೂರಿಗೆ ಹೋದಳು. ಗೌರಿ ಹಬ್ಬಕ್ಕೆ ರಜೆಯ ಮೇಲೆ ಬಂದಾಗ ಗಂಡ ತಟ್ಟೆಗೆ ರೊಟ್ಟಿ ಹಾಕಿದ. ಅದು ಭಾರತದ ಭೂಪಟದ ಹಾಗಿತ್ತು, ಆದರೆ ಬೆಂದಿತ್ತು. ಅಷ್ಟರಲ್ಲಿ ಚಿನ್ನಿ ಬಂದು ಜಗಲಿಯ ಮುಂದೆ ನಿಂತಳು. ಕೂದಲು ಬಿಚ್ಚಿದಳು, ಬಲಗೈಯನ್ನು ನಿಧಾನವಾಗಿ ತಲೆಯ ಹಿಂದಕ್ಕೆ ಒಯ್ದು ತಾನೇ ತುರುಬು ಕಟ್ಟಿದಳು. ಸ್ವಲ್ಪ ಸೊಟ್ಟಗಿತ್ತು. ಸುಲೋಚನಮ್ಮ ಅದನ್ನು ಸರಿಮಾಡಲು ಹೋಗಲಿಲ್ಲ.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮಲ್ಲೂ ಕೈಗುಣ ಇರುವವರು ಇರಬಹುದು. ಕಲಿಯಿರಿ, ಅದರಿಂದ ನಾಲ್ಕು ಜನರ ನೋವು ಇಳಿಯುತ್ತದೆ, ಮನೆಗೂ ಆಧಾರವಾಗುತ್ತದೆ. ಆದರೆ ಸೇರುವ ಮುಂಚೆ ಕೇಳಿ: ಕಲಿಸುವವರು ತಾವು ಎಲ್ಲಿ ಕಲಿತರು? ತಮ್ಮ ಕಣ್ಣ ಮುಂದೆ ಕೈ ಪಳಗಿಸಲು ಬಿಡುತ್ತಾರೆಯೇ? ಅಲ್ಲಿ ಮೊದಲು ಕಲಿತವರು ಈಗ ಎಲ್ಲಿದ್ದಾರೆ? ಇಷ್ಟೂ ಮರೆತುಹೋದರೆ ಸುಲೋಚನಮ್ಮನ ಪ್ರಶ್ನೆಯೊಂದನ್ನೇ ಕೇಳಿ: "ಎಲ್ಲಿ ಒತ್ತಬಾರದು?" ನಕ್ಕುಬಿಟ್ಟರೆ ಎದ್ದು ಬನ್ನಿ. ಕುರ್ಚಿ ಎಳೆದು ಕೊಟ್ಟರೆ, ಕೂತು ಕಲಿಯಿರಿ.